ಮೂರು ದಿನ ಹುಡುಕಿದ ತಾಯಿತಂದೆ: ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ



ಕ್ರಿಸ್ಮಸ್ ಗೋದಲಿಯ ಮುಂದೆ ನಿಂತು ನಾವಿಂದು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತಿದ್ದೇವೆ. ಗೋದಲಿಯ ಬಾಲಯೇಸು ಎದುರು ಮಾತನಾಡುವುದಿಲ್ಲ. ಆದರೆ ಸಂತ ಲೂಕರು ತಮ್ಮ ಶುಭಸಂದೇಶದ 2ನೇ ಅಧ್ಯಾಯದಲ್ಲಿ 12 ವರ್ಷದ ಯೇಸುವನ್ನು ನಮ್ಮ ಮುಂದೆ ನಿಲ್ಲಿಸುತ್ತಾರೆ. ಪಾಸ್ಕ ಹಬ್ಬ ಮುಗಿದರೂ ಹೆತ್ತವರಿಗೆ ತಿಳಿಸದೆ ಜೆರುಸಲೇಮಿನಲ್ಲೇ ಉಳಿದ ಮಗ. ಕಳವಳದಿಂದ ಹುಡುಕಿದ ಮರಿಯಮ್ಮ, ಜೋಸೆಫರು. ಮೂರು ದಿನಗಳಾದ ಮೇಲೆ ಮಗ ದೇವಾಲಯದಲ್ಲಿ ಸಿಕ್ಕಿದರು.

ಯಾತ್ರಿಕರ ಗುಂಪಿನಲ್ಲಿ ಮಗ ಇದ್ದೇ ಇರುತ್ತಾನೆಂದು ಭಾವಿಸಿ ಅವರು ಒಂದು ದಿನದ ದಾರಿ ನಡೆದಿದ್ದರು. ನಾವೂ ಹಾಗೆಯೇ ಭಾವಿಸುತ್ತೇವೆ. ಹೋಳೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮನೆಗಳಲ್ಲಿ ಬೆಳಕು ಹರಿಯುವ ಮುನ್ನವೇ ಹಾಲು ಕರೆದು ಡೇರಿಗೆ ಹಾಕಬೇಕು. ಟೊಮೇಟೊ ಕಾಲದಲ್ಲಿ ಕೋಲಾರದ ಮಾರುಕಟ್ಟೆಗೆ ಓಡಬೇಕು. ಮಾಲೂರಿನ ಕಾರ್ಖಾನೆಗೆ ಹೋದ ತಂದೆ ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಮಕ್ಕಳಿಗೆ ನಿದ್ದೆ. 2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮಂದಿ ಕೆಲಸಕ್ಕಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಾದರು. ಇದೆಲ್ಲ ಮಕ್ಕಳಿಗಾಗಿಯೇ ಪಡುವ ಕಷ್ಟ. ಮಗ ಮನೆಯಲ್ಲೇ ಇದ್ದಾನಲ್ಲ ಎಂದು ನೆಮ್ಮದಿಯಾಗಿರುತ್ತೇವೆ. ಆದರೆ ಮೊಬೈಲ್ ಹಿಡಿದು ಮೂಲೆಯಲ್ಲಿ ಕುಳಿತವನ ಮನಸ್ಸು ನಮ್ಮಿಂದ ಒಂದು ದಿನದ ದಾರಿ ದೂರವಿರಬಹುದು. ಮಗು ಎಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು ಎಲ್ಲಿದೆ ಎಂಬುದು ಮುಖ್ಯವೆಂದು ಪೋಪ್ ಫ್ರಾನ್ಸಿಸರು 2016ರ ‘ಅಮೋರಿಸ್ ಲೆತಿತ್ಸಿಯಾ’ದಲ್ಲಿ ಹೆತ್ತವರಿಗೆ ನೆನಪಿಸಿದ್ದರು.

ಮಗ ಸಿಕ್ಕಾಗ ಮರಿಯಮ್ಮ ಮಾಡಿದ್ದೇನು? ಏಕೆ ಹೀಗೆ ಮಾಡಿದೆ ಎಂದು ಕೇಳಿದರು. ತಮ್ಮಿಬ್ಬರ ನೋವನ್ನು ಮುಚ್ಚಿಡದೆ ಹೇಳಿದರು. ಯೇಸುವೂ ಉತ್ತರಿಸಿದರು. ಆ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ತಾಯಿ ಎಲ್ಲವನ್ನೂ ಹೃದಯದಲ್ಲಿ ಇಟ್ಟುಕೊಂಡರು. ಮಕ್ಕಳ ಮಾತು ಅರ್ಥವಾಗದಿದ್ದರೂ ಕೇಳಿಸಿಕೊಳ್ಳಬಹುದು ಎಂಬುದೇ ನಮಗೆ ಇಲ್ಲಿ ಸಿಗುವ ಪಾಠ.

ಎಂಟನೇ ತರಗತಿಯ ಹುಡುಗನೊಬ್ಬ ಗಣಿತದಲ್ಲಿ ಫೇಲಾಗಿ, ಪ್ರಗತಿಪತ್ರಕ್ಕೆ ಅಪ್ಪನ ಸಹಿಯನ್ನು ತಾನೇ ಹಾಕಿದನೆಂದುಕೊಳ್ಳೋಣ. ಗೊತ್ತಾದ ರಾತ್ರಿ ಬೆಲ್ಟ್ ತೆಗೆದರೆ ಅವನು ಗಣಿತ ಕಲಿಯುವುದಿಲ್ಲ. ಮುಂದಿನ ಸಲ ಇನ್ನೂ ಚೆನ್ನಾಗಿ ಸಹಿ ಹಾಕಲು ಕಲಿಯುತ್ತಾನೆ. “ನನಗೆ ಹೇಳೋಕೆ ಯಾಕಪ್ಪಾ ಹೆದರಿದೆ?” ಎಂದು ಪಕ್ಕದಲ್ಲಿ ಕೂತು ಕೇಳಿ, ಅವನ ಮಾತು ಮುಗಿಯುವ ತನಕ ಸುಮ್ಮನಿರೋಣ. ಬುದ್ಧಿಮಾತು ಆಮೇಲೆ ಹೇಳಿದರಾಯಿತು.

ಮಕ್ಕಳು ನಂಬಿ ಹೇಳಿದ್ದನ್ನು ನೆಂಟರ ಮುಂದೆ ನಗುತ್ತಾ ಆಡದಿರೋಣ. ಒಮ್ಮೆ ಹಾಗಾದರೆ ಅವರ ಬಾಯಿ ಮುಚ್ಚಿಹೋಗುತ್ತದೆ. ಆದರೆ ಯಾರಾದರೂ ಮಗುವನ್ನು ಹಿಂಸಿಸುತ್ತಿದ್ದರೆ ಅದು ಗುಟ್ಟಾಗಿ ಉಳಿಯಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಮಕ್ಕಳೂ ಕರೆಮಾಡಬಹುದು, ನಾವೂ ಮಾಡಬಹುದು.

ಮುದ್ದು ಮಕ್ಕಳೇ, ದೇವಪುತ್ರರಾದ ಯೇಸುವೇ ತಾಯಿತಂದೆಯೊಡನೆ ನಜರೇತಿಗೆ ಹಿಂದಿರುಗಿ ವಿಧೇಯರಾಗಿ ಬಾಳಿದರು. ಎಲ್ಲಿಗೆ ಹೋಗುತ್ತೀರೆಂದು ಅಮ್ಮನಿಗೆ ಹೇಳಿ ಹೋಗಿ. ಹೇಳಿದ ಹೊತ್ತಿಗೆ ಬನ್ನಿ. ನಂಬಿಕೆ ಬೆಳೆದಂತೆ ನಿಮಗೆ ಸ್ವಾತಂತ್ರ್ಯವೂ ಹೆಚ್ಚುತ್ತದೆ.

ಈ ರಾತ್ರಿ ಜಪಸರ ಮುಗಿದ ಮೇಲೆ ಟಿವಿ, ಮೊಬೈಲ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಒಟ್ಟಿಗೆ ಕೂರೋಣ. ಮೊದಲು ಮಕ್ಕಳು ಮಾತನಾಡಲಿ. ತಪ್ಪು ನಮ್ಮದಾಗಿದ್ದರೆ “ಕ್ಷಮಿಸು ಮಗನೇ, ಕ್ಷಮಿಸು ಮಗಳೇ” ಎನ್ನಲು ನಾಚದಿರೋಣ. ನಜರೇತಿನ ಪವಿತ್ರ ಕುಟುಂಬವು ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ಆಮೆನ್.