ಆಕಾಶದ ದಾರಿಗೆ ಹೊಸ ಅಳತೆಗೋಲು

(ಉಪನ್ಯಾಸದ ಬರಹರೂಪ)



ಬೆಂಗಳೂರಿನಿಂದ ದೆಹಲಿಗೆ ಹೊರಟ ವಿಮಾನವನ್ನು ಪೈಲಟ್ ಮನಬಂದಂತೆ ಹಾರಿಸುವುದಿಲ್ಲ. ನೆಲದ ಹೆದ್ದಾರಿಗೆ ಇರುವಂತೆ ಅದರ ದಾರಿಗೂ ಹೆಸರಿದೆ, ಸಂಖ್ಯೆಯಿದೆ. ಯಾವ ಎತ್ತರದಲ್ಲಿ ಹೋಗಬೇಕು, ಮುಂದಿನ ವಿಮಾನದಿಂದ ಎಷ್ಟು ದೂರವಿರಬೇಕು ಎಂಬುದನ್ನು ನೆಲದ ಮೇಲೆ ಕುಳಿತ ನಿಯಂತ್ರಣಾಧಿಕಾರಿ ಹೇಳುತ್ತಾನೆ. ಈ ದಾರಿಗಳನ್ನು ಹಾಕುವ ಮತ್ತು ಕಾಯುವ ಕ್ರಮ ಈಗ ಜಗತ್ತಿನಾದ್ಯಂತ ಬದಲಾಗುತ್ತಿದೆ. ‘ಕಾರ್ಯಕ್ಷಮತೆ ಆಧಾರಿತ ವಿಮಾನ ಸಂಚಾರ ನಿರ್ವಹಣೆ’ ಎಂದು ಅದನ್ನು ಕರೆಯುತ್ತಾರೆ.

ಹೆಸರು ಭಾರವಾಗಿದ್ದರೂ ವಿಷಯ ಸರಳ. ದರ್ಜಿಯ ಅಂಗಡಿಗೆ ಹೋದವರು ಯಾವ ಯಂತ್ರದಲ್ಲಿ ಹೊಲಿದೆ ಎಂದು ವಿಚಾರಿಸುವುದಿಲ್ಲ. ಅಂಗಿ ಅಳತೆಗೆ ಸರಿಯಾಗಿದೆಯೇ ಎಂದು ನೋಡುತ್ತಾರೆ. ವಿಮಾನಯಾನದಲ್ಲಿ ಬಹುಕಾಲ ಇದು ತಿರುಗುಮುರುಗಾಗಿತ್ತು. ವಿಮಾನದಲ್ಲಿ ಇಂತಿಂಥ ಉಪಕರಣ ಇರಲೇಬೇಕು ಎಂದು ನಿಯಮ ಹೇಳುತ್ತಿತ್ತು. ಈಗಿನ ನಿಯಮ ಕೇಳುವ ಪ್ರಶ್ನೆ ಬೇರೆ: ಉಪಕರಣ ಯಾವುದಾದರೂ ಇರಲಿ, ಹೇಳಿದ ದಾರಿಯಲ್ಲಿ ಹೇಳಿದಷ್ಟು ನಿಖರವಾಗಿ ಹೋಗಬಲ್ಲಿರಾ?

ದೀಪದಿಂದ ರೇಡಿಯೊಗೆ

ಆಕಾಶದ ದಾರಿಗಳ ಕಥೆ ನೆಲದಿಂದಲೇ ಶುರುವಾಗುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ಹೊತ್ತು ಪುಟ್ಟ ವಿಮಾನದಲ್ಲಿ ಬಂದರು. ಅಲ್ಲಿಂದ ಮುಂದೆ ಅಂಚೆಯನ್ನು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಆ ಕಾಲದ ಪೈಲಟ್‌ಗಳಿಗೆ ನದಿ, ರೈಲುಹಳಿ, ಕೆರೆ, ಗುಡ್ಡಗಳೇ ದಾರಿಯ ಗುರುತು. ಅಮೆರಿಕದಲ್ಲಿ ರಾತ್ರಿ ಅಂಚೆ ವಿಮಾನಗಳಿಗೆ ಮೊದಲು ಬೆಂಕಿ ಹಾಕಿ ದಾರಿ ತೋರಿಸಿದರು. ಆಮೇಲೆ ದೀಪಸ್ತಂಭಗಳನ್ನು ನಿಲ್ಲಿಸಿ, ಬುಡದಲ್ಲಿ ಕಾಂಕ್ರೀಟಿನ ಬಾಣದ ಗುರುತು ಹಾಕಿದರು.

ವಿಮಾನಗಳು ಹೆಚ್ಚಾದಂತೆ ದಾರಿ ತೋರಿಸಿದರೆ ಸಾಲದಾಯಿತು, ಅವುಗಳನ್ನು ಒಂದರಿಂದೊಂದು ದೂರವಿಡಬೇಕಾಯಿತು. 1935ರಲ್ಲಿ ಅಮೆರಿಕದ ನ್ಯೂವಾರ್ಕ್‌ನಲ್ಲಿ ಮಾರ್ಗ ನಿಯಂತ್ರಣ ಕೇಂದ್ರ ತೆರೆಯಿತು. ಅಲ್ಲಿನ ಸಿಬ್ಬಂದಿಗೆ ಇದ್ದ ಸಲಕರಣೆ ನಕ್ಷೆ, ಕಪ್ಪುಹಲಗೆ ಮತ್ತು ಟೆಲಿಫೋನ್ ಅಷ್ಟೆ. ಎರಡನೇ ಮಹಾಯುದ್ಧದ ನಂತರ ರೇಡಿಯೊ ಸಂಕೇತ ಕಳಿಸುವ ಕೇಂದ್ರಗಳು ದೇಶದೇಶಗಳಲ್ಲಿ ತಲೆಯೆತ್ತಿದವು. ವಿಮಾನ ಒಂದು ಕೇಂದ್ರದ ನೆತ್ತಿಯ ಮೇಲೆ ಹಾದು ಇನ್ನೊಂದರ ಕಡೆಗೆ ತಿರುಗಬೇಕು. ಊರೂರಿಗೆ ನಿಂತು ಹೋಗುವ ಬಸ್ಸಿನ ದಾರಿಯಂತೆ ಆಕಾಶದ ದಾರಿಯೂ ಅಂಕುಡೊಂಕಾಯಿತು.

1944ರ ಡಿಸೆಂಬರ್ 7ರಂದು ಷಿಕಾಗೊದಲ್ಲಿ ಸಹಿಯಾದ ಒಪ್ಪಂದದಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಕೆನಡಾದ ಮಾಂಟ್ರಿಯಲ್. ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಸಂಪೂರ್ಣ ಒಡೆತನವಿದೆ. ಆಕಾಶ ಹೀಗೆ ಹೊಲಗಳಂತೆ ಬದು ಹಾಕಿಕೊಂಡಿತು. ನಮ್ಮ ಹಳೆಯ ಶಾಸನಗಳಲ್ಲಿ ಭೂಮಿಯನ್ನು ಅಳೆದ ಕೋಲು ಯಾವುದೆಂದು ಹೇಳಿ ಮತ್ತರುಗಳ ಲೆಕ್ಕ ಕೊಡುತ್ತಾರೆ. ಕೋಲು ಬದಲಾದರೆ ಲೆಕ್ಕವೂ ಬದಲಾಗುತ್ತಿತ್ತು. ಆಕಾಶದಲ್ಲಿಯೂ ಎಲ್ಲರೂ ಒಪ್ಪುವ ಒಂದು ಕೋಲು ಬೇಕಾಗಿತ್ತು.

ಜೀವ ತೆತ್ತು ಕಲಿತ ಪಾಠ

ಈ ಕ್ಷೇತ್ರದ ಹಲವು ನಿಯಮಗಳ ಹಿಂದೆ ಒಂದೊಂದು ದುರಂತವಿದೆ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಮೇಲೆ ಎರಡು ವಿಮಾನಗಳು ಡಿಕ್ಕಿ ಹೊಡೆದು 128 ಜನ ಸತ್ತರು. ಅಲ್ಲಿ ನಿಯಂತ್ರಣವಿರಲಿಲ್ಲ; ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಾರೆ ನೋಡಿ ತಪ್ಪಿಸಿಕೊಳ್ಳಬೇಕಿತ್ತು. ಎರಡು ವರ್ಷಗಳಲ್ಲಿ ಆ ದೇಶ ಇಡೀ ವಾಯುಮಾರ್ಗದ ಹೊಣೆಯನ್ನು ಒಂದೇ ಸಂಸ್ಥೆಗೆ ವಹಿಸಿತು.

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಜನ ಬಲಿಯಾದರು. ತನ್ನ ಸೇನೆ ಕಟ್ಟುತ್ತಿದ್ದ ಜಿಪಿಎಸ್ ಉಪಗ್ರಹ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಬಿಡುವುದಾಗಿ ಅಮೆರಿಕ ಅದೇ ತಿಂಗಳು ಘೋಷಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ಭವಿಷ್ಯದ ವಿಮಾನ ಮಾರ್ಗದರ್ಶನ ಹೇಗಿರಬೇಕೆಂದು ಚಿಂತಿಸಲು ಸಮಿತಿ ನೇಮಿಸಿತು. ನೆಲದ ಕೇಂದ್ರಗಳ ಬದಲು ಉಪಗ್ರಹಗಳನ್ನು ನೆಚ್ಚುವ ಅದರ ಯೋಜನೆಗೆ 1991ರ ಮಾಂಟ್ರಿಯಲ್ ಸಮ್ಮೇಳನ ಒಪ್ಪಿಗೆ ಕೊಟ್ಟಿತು.

ಭಾರತದ ಪಾಠ ಇನ್ನೂ ಕಠೋರ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟ ಸೌದಿ ವಿಮಾನಕ್ಕೂ ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೂ ಡಿಕ್ಕಿಯಾಯಿತು. 349 ಜನ ಸತ್ತರು. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಒಂದಕ್ಕೆ 14,000 ಅಡಿ, ಇನ್ನೊಂದಕ್ಕೆ 15,000 ಅಡಿ ಎತ್ತರ ಗೊತ್ತುಮಾಡಲಾಗಿತ್ತು. ಮೇಲಿರಬೇಕಾದ ವಿಮಾನ ಕೆಳಗಿಳಿಯಿತು. ಬರುವ ಮತ್ತು ಹೋಗುವ ವಿಮಾನಗಳಿಗೆ ಆಗ ಒಂದೇ ಓಣಿ. ನಿಯಂತ್ರಣಾಧಿಕಾರಿಯ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಕಜಕ್ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯೂ ತನಿಖೆಯಲ್ಲಿ ಎದ್ದುಬಂತು.

ಕರ್ನಾಟಕದ ಜನ ಮರೆಯದ ದಿನ 2010ರ ಮೇ 22. ದುಬೈನಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಅತಿ ಎತ್ತರದಿಂದ ಇಳಿಯುತ್ತಿದ್ದರೂ ಪೈಲಟ್ ಆ ಪ್ರಯತ್ನ ಕೈಬಿಡದೇ ಹೋದದ್ದು ನೇರ ಕಾರಣವೆಂದು ತನಿಖಾ ವರದಿ ಹೇಳಿತು. ಅದರ ಜೊತೆಗೇ ಇನ್ನೊಂದು ಅಂಶವನ್ನೂ ದಾಖಲಿಸಿತು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ಹಾಗಾಗಿ ಇಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ. ಉಪಕರಣ ಇದೆ ಎಂಬ ದಾಖಲೆ ಬೇರೆ, ಅದು ಆ ಹೊತ್ತಿಗೆ ಕೆಲಸ ಮಾಡುತ್ತಿದೆಯೇ ಎಂಬುದು ಬೇರೆ. ಕಾರ್ಯಕ್ಷಮತೆಯ ಮಾತು ಹುಟ್ಟುವುದೇ ಈ ಅಂತರದಲ್ಲಿ.

ಹೊಸ ಕ್ರಮದ ಲೆಕ್ಕ

ಹೊಸ ಕ್ರಮ ಹೇಗೆ ಕೆಲಸ ಮಾಡುತ್ತದೆ? ಮೊದಲು ಎತ್ತರದ ಲೆಕ್ಕ ನೋಡಿ. ವಿಮಾನದ ಎತ್ತರವನ್ನು ಗಾಳಿಯ ಒತ್ತಡದಿಂದ ಅಳೆಯುತ್ತಾರೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಅಳತೆಯ ತಪ್ಪು ಹೆಚ್ಚುತ್ತದೆ. ಆದ್ದರಿಂದ 29,000 ಅಡಿಯ ಮೇಲೆ ಒಂದು ವಿಮಾನಕ್ಕೂ ಇನ್ನೊಂದಕ್ಕೂ 2,000 ಅಡಿ ಅಂತರ ಬೇಕಿತ್ತು. ಎತ್ತರಮಾಪಕಗಳು ಸುಧಾರಿಸಿದ ಮೇಲೆ, ನಿಗದಿಯಾದ ನಿಖರತೆಯನ್ನು ಸಾಧಿಸಿ ತೋರಿಸಿದ ವಿಮಾನಗಳಿಗೆ 1,000 ಅಡಿ ಸಾಕು ಎಂದು ತೀರ್ಮಾನವಾಯಿತು. 1997ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಆರಂಭವಾದ ಈ ಪದ್ಧತಿ 2003ರಲ್ಲಿ ಭಾರತಕ್ಕೂ ಬಂತು. 29,000ದಿಂದ 41,000 ಅಡಿಯ ನಡುವೆ ಮೊದಲು 7 ಅಂತಸ್ತುಗಳಿದ್ದವು. ಅವು 13 ಆದವು. ಆಕಾಶ ಇದ್ದಷ್ಟೇ ಇದೆ, ಜಾಗ ಹೆಚ್ಚಿತು.

ಅಗಲದ ಲೆಕ್ಕವೂ ಹೀಗೆಯೇ. ಒಂದು ದಾರಿಗೆ ‘0.3’ ಎಂಬ ಅಂಕಿ ಕೊಟ್ಟಿದ್ದರೆ, ಹಾರಾಟದ ಸಮಯದ ಶೇಕಡ 95 ಭಾಗ ವಿಮಾನ ಆ ದಾರಿಯ ನಡುಗೆರೆಯಿಂದ ಎಡಕ್ಕಾಗಲಿ ಬಲಕ್ಕಾಗಲಿ 0.3 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಮೀಟರ್ ಮೀರಿ ಹೋಗಬಾರದು. ಇಷ್ಟು ನಿಖರತೆ ಉಳಿಯದಿದ್ದರೆ ವಿಮಾನದ ಉಪಕರಣವೇ ಪೈಲಟ್‌ಗೆ ಎಚ್ಚರಿಕೆ ಕೊಡಬೇಕು. 1996ರಲ್ಲಿ ಅಲಾಸ್ಕದ ಜೂನೋ ಎಂಬ ಊರಿನಲ್ಲಿ ಇಂಥ ದಾರಿಯನ್ನು ಮೊದಲು ಬಳಸಿದರು. ಬೆಟ್ಟಗಳ ನಡುವೆ, ಮಂಜು ಮುಸುಕಿದ ಆ ನಿಲ್ದಾಣಕ್ಕೆ ವಿಮಾನಗಳು ಕಣಿವೆಯ ತಿರುವನ್ನೇ ಅನುಸರಿಸಿ ಇಳಿಯತೊಡಗಿದವು.

2003ರ ಮಾಂಟ್ರಿಯಲ್ ಸಮ್ಮೇಳನದಲ್ಲಿ ಜಾಗತಿಕ ವ್ಯವಸ್ಥೆಯ ರೂಪುರೇಷೆಗೆ ಸಮ್ಮತಿ ದೊರೆಯಿತು. ವ್ಯವಸ್ಥೆ ಒಳ್ಳೆಯದೋ ಅಲ್ಲವೋ ಎಂದು ತೂಗಲು 11 ನಿರೀಕ್ಷೆಗಳನ್ನು ಅದು ಗುರುತಿಸಿದೆ. ಸುರಕ್ಷತೆ, ಸಾಮರ್ಥ್ಯ, ವೆಚ್ಚ, ದಕ್ಷತೆ, ಪರಿಸರ, ಸಮಯಪಾಲನೆಯ ಭರವಸೆ ಇವು ಅದರಲ್ಲಿ ಸೇರಿವೆ. ಎಲ್ಲರಿಗೂ ಆಕಾಶದಲ್ಲಿ ನ್ಯಾಯವಾದ ಪ್ರವೇಶ ಸಿಗಬೇಕೆಂಬುದೂ ಪಟ್ಟಿಯಲ್ಲಿದೆ.

ಕುಂದಲಹಳ್ಳಿಯ ಪಾತ್ರ

ಈ ಕಥೆಯಲ್ಲಿ ಬೆಂಗಳೂರಿಗೆ ಒಂದು ಅಧ್ಯಾಯವಿದೆ. ಜಿಪಿಎಸ್ ಸಂಕೇತ ಭೂಮಿಯನ್ನು ಮುಟ್ಟುವ ಮೊದಲು ವಾತಾವರಣದ ಮೇಲ್ಪದರದಲ್ಲಿರುವ ವಿದ್ಯುತ್ ಕಣಗಳ ನಡುವೆ ಹಾದುಬರಬೇಕು. ಭೂಮಧ್ಯರೇಖೆಗೆ ಹತ್ತಿರವಿರುವ ಭಾರತದ ಮೇಲೆ ಈ ಪದರ ಬಹಳ ಏರುಪೇರಾಗುತ್ತದೆ. ಸಂಕೇತ ತಡವಾಗಿ ಲೆಕ್ಕ ತಪ್ಪುತ್ತದೆ. ಇದನ್ನು ಸರಿಪಡಿಸಲು ವಿಮಾನ ನಿಲ್ದಾಣಗಳ ಪ್ರಾಧಿಕಾರ ಮತ್ತು ಇಸ್ರೊ ಸೇರಿ ‘ಗಗನ್’ ವ್ಯವಸ್ಥೆ ಕಟ್ಟಿದವು. ದೇಶದ 15 ಕೇಂದ್ರಗಳು ಜಿಪಿಎಸ್ ಎಷ್ಟು ತಪ್ಪುತ್ತಿದೆ ಎಂದು ಅಳೆಯುತ್ತವೆ. ಕುಂದಲಹಳ್ಳಿಯ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ತಿದ್ದುಪಡಿಯ ಲೆಕ್ಕವಾಗುತ್ತದೆ. ಅದು ಜಿಸ್ಯಾಟ್ ಉಪಗ್ರಹಗಳ ಮೂಲಕ ವಿಮಾನಗಳನ್ನು ತಲುಪುತ್ತದೆ. 2013ರ ಡಿಸೆಂಬರ್‌ನಲ್ಲಿ ಮಾರ್ಗದರ್ಶನಕ್ಕೂ 2015ರ ಏಪ್ರಿಲ್‌ನಲ್ಲಿ ನಿಲ್ದಾಣಕ್ಕೆ ಇಳಿಯುವುದಕ್ಕೂ ಇದಕ್ಕೆ ಮಾನ್ಯತೆ ದೊರೆಯಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ವಿಮಾನವೊಂದು ಇದರ ನೆರವಿನಿಂದ ಇಳಿಯಿತು. ಇಳಿಯಲು ನೆರವಾಗುವ ದುಬಾರಿ ಉಪಕರಣಗಳನ್ನು ನೆಲದಲ್ಲಿ ಹೂಡಲಾಗದ ಸಣ್ಣ ಊರುಗಳ ನಿಲ್ದಾಣಗಳಿಗೆ ಇದು ದೊಡ್ಡ ಅನುಕೂಲ.

ಆದರೂ ಎಲ್ಲವೂ ಉಪಗ್ರಹದಿಂದ ಬಗೆಹರಿಯುವುದಿಲ್ಲ. ಭಾರತದ ವಾಯುಪ್ರದೇಶದ ಶೇಕಡ 60 ಭಾಗ ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ ಎಂದು ಕೇಂದ್ರ ಸರ್ಕಾರವೇ 2020ರ ಮೇನಲ್ಲಿ ಹೇಳಿತ್ತು. ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಲಾಭ ಎಂಬುದು ಅದರ ಅಂದಾಜು. ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ದಿನಗಳಲ್ಲಿ ದೇವನಹಳ್ಳಿಯ ನಿಲ್ದಾಣದ ಹಾರಾಟ ಗಂಟೆಗಟ್ಟಲೆ ನಿಲ್ಲುವುದನ್ನು ಬಲ್ಲ ಬೆಂಗಳೂರಿಗರಿಗೆ, ಒಂದೇ ಆಕಾಶವನ್ನು ಸೇನೆ ಮತ್ತು ನಾಗರಿಕರು ಹಂಚಿಕೊಳ್ಳುವ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಅಳತೆಗೆ ಸಿಗದ್ದು

ಅಳತೆಗೋಲು ಎಷ್ಟು ಚೊಕ್ಕವಾಗಿದ್ದರೂ ಏನನ್ನು ಅಳೆಯಬೇಕೆಂದು ತೀರ್ಮಾನಿಸುವವರು ಮನುಷ್ಯರೇ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2014ರಲ್ಲಿ ಉಪಗ್ರಹ ಆಧಾರಿತ ನೇರ ದಾರಿಗಳನ್ನು ಹಾಕಿದರು. ಮೊದಲು ಅಗಲವಾಗಿ ಚದುರಿ ಹೋಗುತ್ತಿದ್ದ ವಿಮಾನಗಳು ಈಗ ಒಂದೇ ಗೆರೆಯ ಮೇಲೆ ಸಾಲುಗಟ್ಟಿದವು. ಇಂಧನ ಉಳಿಸುವ ಆ ದಾರಿಯ ಕೆಳಗೆ ಮನೆಗಳಿದ್ದವು. ನಗರಾಡಳಿತ ಮತ್ತು ನಿವಾಸಿಗಳು ಕೋರ್ಟಿಗೆ ಹೋದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ದಕ್ಷತೆಯ ಲೆಕ್ಕದಲ್ಲಿ ಗೆದ್ದದ್ದು ಜನರ ನಿದ್ದೆಯ ಲೆಕ್ಕದಲ್ಲಿ ಸೋತಿತ್ತು.

ಇನ್ನೊಂದು ಅಪಾಯ ಅತಿನಂಬಿಕೆಯದು. ಯುದ್ಧ ನಡೆಯುವ ಕಡೆಗಳಲ್ಲಿ ಜಿಪಿಎಸ್ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಕಳಿಸುವುದು ಈಗ ಸಾಮಾನ್ಯವಾಗಿದೆ. ಆದ್ದರಿಂದಲೇ ಹಳೆಯ ರೇಡಿಯೊ ಕೇಂದ್ರಗಳನ್ನು ಪೂರ್ತಿ ಕಿತ್ತುಹಾಕುವಂತಿಲ್ಲ. 2025ರ ನವೆಂಬರ್‌ನಲ್ಲಿ ದೆಹಲಿ ನಿಲ್ದಾಣದಲ್ಲಿ ಹಾರಾಟ ಯೋಜನೆಗಳನ್ನು ರವಾನಿಸುವ ಸಂದೇಶ ವ್ಯವಸ್ಥೆ ಕೈಕೊಟ್ಟಿತು. ನೂರಾರು ವಿಮಾನಗಳು ತಡವಾದವು. ಯಂತ್ರ ಮಾಡುತ್ತಿದ್ದ ಕೆಲಸವನ್ನು ಸಿಬ್ಬಂದಿ ಕೈಯಾರೆ ಮಾಡಿ ಸಂಚಾರ ನಡೆಸಿದರು. ಆ ಹೊತ್ತಿನಲ್ಲಿ ವ್ಯವಸ್ಥೆಯ ಕಾರ್ಯಕ್ಷಮತೆ ಎಂದರೆ ಆ ಕೊಠಡಿಯಲ್ಲಿದ್ದ ಜನರ ಕೆಲಸವೇ ಆಗಿತ್ತು.

ಹೊಸ ಉಪಕರಣ ಕೊಳ್ಳಲಾಗದ ಸಣ್ಣ ವಿಮಾನ ಸಂಸ್ಥೆಗಳ, ಬಡದೇಶಗಳ ಪ್ರಶ್ನೆಯೂ ಉಳಿದಿದೆ. ಹೆಚ್ಚು ನಿಖರವಾಗಿ ಹಾರಬಲ್ಲವರಿಗೆ ಒಳ್ಳೆಯ ದಾರಿ, ಒಳ್ಳೆಯ ಎತ್ತರ ಎಂದಾದರೆ ಉಳಿದವರು ಸುತ್ತುದಾರಿ ಹಿಡಿಯಬೇಕಾಗುತ್ತದೆ. ಪಟ್ಟಿಯಲ್ಲಿರುವ ‘ನ್ಯಾಯವಾದ ಪ್ರವೇಶ’ ಕಾಗದದ ಮೇಲೆ ಉಳಿಯದಂತೆ ನೋಡಿಕೊಳ್ಳುವುದು ಮಾಂಟ್ರಿಯಲ್ ಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲದರ ಹೊಣೆ.

ಬಳ್ಳಾರಿಯ ಬಯಲಿನಲ್ಲಿ ಅಂಚೆ ವಿಮಾನ ಇಳಿದ ಕಾಲದಿಂದ ಕುಂದಲಹಳ್ಳಿಯ ಲೆಕ್ಕದವರೆಗೆ ನೂರು ವರ್ಷವೂ ಆಗಿಲ್ಲ. ಅಷ್ಟರಲ್ಲಿ ಮೈಲಿಗಳ ಅಂದಾಜು ಮೀಟರುಗಳ ಲೆಕ್ಕವಾಗಿದೆ. ಅಳತೆಗೆ ಸಿಕ್ಕಿದ್ದು ಸುಧಾರಿಸುತ್ತದೆ, ಅಳತೆಗೆ ಸಿಗದ್ದು ಮರೆತುಹೋಗುತ್ತದೆ. ಆದ್ದರಿಂದ ಪ್ರಯಾಣಿಕನ ಜೀವ, ಕೆಳಗೆ ಮಲಗಿದವರ ನಿದ್ದೆ, ರಾತ್ರಿಪಾಳಿಯ ನಿಯಂತ್ರಣಾಧಿಕಾರಿಯ ಆಯಾಸ, ಬಡದೇಶದ ಪಾಲು ಇವೆಲ್ಲ ಆ ಲೆಕ್ಕದ ಪುಸ್ತಕದಲ್ಲಿ ಇರಬೇಕು. ಹಾಗಾದಾಗ ಮಾತ್ರ ಈ ವ್ಯವಸ್ಥೆ ನಿಜವಾಗಿ ಜಾಗತಿಕವಾದೀತು.