ಶಾಲೆಯ ಲೆಕ್ಕ ಊರಿಗೆ ತಿಳಿಯಲಿ
(ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ನಾವು ಹೆಚ್ಚಾಗಿ ಮಳೆಯನ್ನು ನಂಬಿ ಬದುಕುವವರು. ಬಿತ್ತನೆ ಕಡಲೆಕಾಯಿ ತರಲು ಹೋದಾಗ ಚೀಲಕ್ಕೆ ಹೊಲಿದ ಚೀಟಿ ನೋಡದೆ ದುಡ್ಡು ಕೊಡುವುದಿಲ್ಲ. ಯಾವ ತಳಿ, ನೂರಕ್ಕೆ ಎಷ್ಟು ಮೊಳೆಯುತ್ತದೆ, ಪರೀಕ್ಷೆ ಮಾಡಿದ್ದು ಯಾವಾಗ ಎಂದು ವಿಚಾರಿಸುತ್ತೇವೆ. ಒಂದು ವರ್ಷದ ಬೆಳೆ ಕೆಟ್ಟರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಮಗುವಿನ ಆರನೆಯ ವಯಸ್ಸು ಮತ್ತೆ ಬರುವುದಿಲ್ಲ. ಹೀಗಿದ್ದೂ ಶಾಲೆಯ ವಿಷಯದಲ್ಲಿ ನಾವು ಒಂದು ಮಾತನ್ನೂ ಕೇಳುವುದಿಲ್ಲ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ನನ್ನ ಮಗಳು ವರ್ಷವರ್ಷವೂ ಮೇಲಿನ ತರಗತಿಗೆ ಹೋಗುತ್ತಿದ್ದಳು. ನನಗೆ ಅಷ್ಟೇ ಸಾಕಾಗಿತ್ತು. ಅವಳು ಆರನೆಯ ತರಗತಿಯಲ್ಲಿದ್ದಾಗ ಸೊಸೈಟಿಯಿಂದ ಒಂದು ಕಾಗದ ಬಂದಿತು. ಓದಮ್ಮ ಎಂದು ಕೊಟ್ಟೆ. ಅಕ್ಷರ ಕೂಡಿಸಲಾರದೆ ತಲೆ ತಗ್ಗಿಸಿ ಅತ್ತಳು. ಮಾರನೆಯ ದಿನ ಸಿಟ್ಟಿನಿಂದ ಶಾಲೆಗೆ ಹೋದೆ. ಮೇಷ್ಟ್ರು ನನ್ನನ್ನು ಕೂರಿಸಿ, “ಯಜಮಾನರೇ, ಇಷ್ಟು ವರ್ಷಗಳಲ್ಲಿ ನೀವು ಈ ಬಾಗಿಲು ತುಳಿದದ್ದು ಇದೇ ಮೊದಲು” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಮೇಲೆ ಒಂದು ವರ್ಷ ಮೇಷ್ಟ್ರೂ ನಾವೂ ಒಟ್ಟಿಗೆ ಶ್ರಮಪಟ್ಟೆವು, ಮಗು ಓದಲು ಕಲಿಯಿತು. ಮೊದಲೇ ಕೇಳಿದ್ದರೆ ಆ ಕಣ್ಣೀರು ಬರುತ್ತಿರಲಿಲ್ಲ.

ಕೇಳುವುದು ನಮ್ಮ ಹಕ್ಕೇ? ಹೌದು. ನಮ್ಮ ರಾಜ್ಯದಲ್ಲಿ 2001ರಲ್ಲಿಯೇ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದುವು, ನಾವು ಎಸ್.ಡಿ.ಎಂ.ಸಿ. ಎನ್ನುವುದು ಇದನ್ನೇ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು ಇರಬೇಕು. ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಇವುಗಳನ್ನು ಪೋಷಕರ ಸಭೆ ಕರೆದು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅದೇ ಕಾಯಿದೆ ಹೇಳುತ್ತದೆ. ‘ಸಮುದಾಯದತ್ತ ಶಾಲೆ’ ಎಂದು ಶಾಲೆಯವರು ಕರೆಯುವ ಸಭೆ ಇದಕ್ಕಾಗಿಯೇ ಇದೆ. ಆ ದಿನ ಹೊಲದ ಕೆಲಸ ಅರ್ಧ ದಿನ ನಿಂತರೂ ಚಿಂತೆಯಿಲ್ಲ, ಹೋಗಿ ಕೂರಬೇಕು.

ಹೋದವರು ಏನು ಕೇಳಬೇಕು? ಮುಖ್ಯವಾಗಿ ಮೂರು ಲೆಕ್ಕ.

ಮೊದಲನೆಯದು ಕಲಿಕೆಯ ಲೆಕ್ಕ. ಅಂಕದ ಪಟ್ಟಿಯ ಜೊತೆಗೆ ಮಗುವಿನ ಉತ್ತರ ಪತ್ರಿಕೆಯನ್ನೂ ತೋರಿಸಿರೆಂದು ಕೇಳಿರಿ. ಪುಸ್ತಕದ ಒಂದು ಪುಟವನ್ನು ಮಗುವಿನಿಂದ ಓದಿಸಿರಿ. ಅಕ್ಷರ ಬಾರದ ತಾಯಿಗೂ ಮಗು ತಡವರಿಸುತ್ತಿದೆಯೋ ಸರಾಗವಾಗಿ ಓದುತ್ತಿದೆಯೋ ಕಿವಿಗೆ ತಿಳಿಯುತ್ತದೆ.

ಎರಡನೆಯದು ಉಪಾಧ್ಯಾಯರ ಲೆಕ್ಕ. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾಗಿರುವುದೆಷ್ಟು, ಅತಿಥಿ ಶಿಕ್ಷಕರೆಷ್ಟು ಮಂದಿ, ಯಾರು ಯಾವ ತರಬೇತಿ ಪಡೆದಿದ್ದಾರೆ ಎಂದು ತಿಳಿಯಿರಿ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರ ತನಕ ಮೂವರು ಉಪಾಧ್ಯಾಯರು ಇರಬೇಕೆಂಬುದು ಕಾಯಿದೆ. ಆರರಿಂದ ಎಂಟನೆಯ ತರಗತಿಗೆ ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಬೇಕು. 2010ರಲ್ಲಿ ಗೊತ್ತು ಮಾಡಿದ ಅರ್ಹತೆಯಂತೆ ಕೆಳಗಿನ ತರಗತಿಗಳಿಗೆ ಹೊಸದಾಗಿ ನೇಮಕವಾಗುವವರು ಪಿ.ಯು.ಸಿ., ಎರಡು ವರ್ಷದ ಶಿಕ್ಷಕ ತರಬೇತಿ, ಜೊತೆಗೆ ಟಿ.ಇ.ಟಿ. ಎಂಬ ಪರೀಕ್ಷೆ ಇವುಗಳಲ್ಲಿ ತೇರ್ಗಡೆಯಾಗಿರಬೇಕು. ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದರೆ ಮೇಷ್ಟ್ರನ್ನು ದೂರುವ ಮೊದಲು, ಗಣಿತದ ಮೇಷ್ಟ್ರು ಇದ್ದಾರೆಯೇ ಎಂದು ನೋಡಿರಿ. ಖಾಲಿ ಕುರ್ಚಿಯ ತಪ್ಪನ್ನು ಪಕ್ಕದ ಕುರ್ಚಿಯವರ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾಗೆಯೇ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುವುದನ್ನು ಕಂಡು ಗಾಬರಿಯಾಗಬೇಡಿ. ಅದು ‘ನಲಿ-ಕಲಿ’ ಪದ್ಧತಿ.

ಮೂರನೆಯದು ಫಲಿತಾಂಶದ ಲೆಕ್ಕ. ತುಮಕೂರು ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಬೇರೆಯೇ ಇದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ನಮ್ಮ ಜಿಲ್ಲೆ ಎಷ್ಟನೆಯದೆಂದು ಪತ್ರಿಕೆಯಲ್ಲಿ ನೋಡುತ್ತೇವೆ. ನಮ್ಮ ಊರಿನ ಶಾಲೆಯ ವಿಷಯವನ್ನು ಮಾತ್ರ ವಿಚಾರಿಸುವುದಿಲ್ಲ. ವಿಚಾರಿಸುವಾಗಲೂ ಎಚ್ಚರ ಬೇಕು. ಹತ್ತು ಮಕ್ಕಳ ಶಾಲೆಯಲ್ಲಿ ಒಂಬತ್ತು ಮಂದಿ ತೇರ್ಗಡೆಯಾದರೆ ನೂರಕ್ಕೆ 90. ಮರುವರ್ಷ ಇನ್ನಿಬ್ಬರು ನಪಾಸಾದರೆ ನೂರಕ್ಕೆ 70. ಇಷ್ಟಕ್ಕೇ ಶಾಲೆ ಹಾಳಾಯಿತೆಂದು ಕೂಗಬಾರದು. ಮೂರು ನಾಲ್ಕು ವರ್ಷದ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಬೇಕು. ಇನ್ನೊಂದು ಮಾತು. ಎಂಟನೆಯ ತರಗತಿಗೆ 20 ಮಕ್ಕಳು ಸೇರಿ, ಹತ್ತನೆಯ ತರಗತಿಯ ಪರೀಕ್ಷೆಗೆ 12 ಮಂದಿ ಕುಳಿತು ಅಷ್ಟೂ ಜನ ಗೆದ್ದರೆ, ಹಲಗೆಯ ಮೇಲೆ ನೂರಕ್ಕೆ ನೂರು ಎಂದು ಬರೆಯಬಹುದು. ಉಳಿದ ಎಂಟು ಮಕ್ಕಳು ಎಲ್ಲಿ? ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರೋ, ಲಗ್ನವಾಗಿ ಗಂಡನ ಮನೆ ಸೇರಿದರೋ? ಆ ಎಂಟು ಮಕ್ಕಳ ಲೆಕ್ಕವನ್ನು ಮೇಷ್ಟ್ರು ಒಬ್ಬರೇ ಕೊಡಲಾರರು. ನಾವೂ ಕೊಡಬೇಕು.

ಕೇಳುವುದಕ್ಕೂ ಒಂದು ರೀತಿ ಇದೆ. ಉಪಾಧ್ಯಾಯರ ಜಾತಿ, ಮನೆಯ ಸಂಗತಿ ನಮಗೆ ಬೇಡ. ಒಂದು ಮಗುವಿನ ಅಂಕವನ್ನು ಅರಳಿಕಟ್ಟೆಯ ಮೇಲೆ ಹರಾಜು ಹಾಕಬೇಡಿ. ಊರಿಗೆ ಊರನ್ನು ಹೋಲಿಸುವಾಗಲೂ ವಿವೇಚನೆ ಇರಲಿ. ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವ ಮಗುವಿಗೆ ಕನ್ನಡ ಓದಲು ತುಸು ಹೆಚ್ಚು ಕಾಲ ಹಿಡಿಯಬಹುದು. ತಂದೆತಾಯಿ ಕೂಲಿಗೆ ವಲಸೆ ಹೋದಾಗ ಜೊತೆಗೆ ಹೋದ ಮಗು ಪಾಠ ಕಳೆದುಕೊಂಡಿರುತ್ತದೆ. ಇವೆಲ್ಲ ಲೆಕ್ಕಕ್ಕೆ ಬರಬೇಕು.

ಹುದ್ದೆ ಖಾಲಿ ಇದ್ದರೆ ಸಮಿತಿಯಲ್ಲಿ ನಿರ್ಣಯ ಬರೆದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಸ್ವೀಕೃತಿ ಪಡೆಯಿರಿ. ಕೇಳಿದ ವಿವರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕದ ಅರ್ಜಿಗೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಆದರೆ ಅದು ಕೊನೆಯ ಮಾರ್ಗ. ಮೊದಲಿನ ಮಾರ್ಗ ಶಾಲೆಯ ಬಾಗಿಲು, ಅದು ನಮ್ಮ ಊರಿನಲ್ಲಿಯೇ ಇದೆ.

ಕೊನೆಯದಾಗಿ ಒಂದು ಸಲಹೆ. ಮಕ್ಕಳ ಸಂಖ್ಯೆ, ಹಾಜರಿ, ಉಪಾಧ್ಯಾಯರ ಸಂಖ್ಯೆ ಮತ್ತು ತರಬೇತಿ, ಖಾಲಿ ಹುದ್ದೆ, ಶಾಲೆ ಬಿಟ್ಟ ಮಕ್ಕಳು ಈ ಐದು ಅಂಕಿಗಳನ್ನು ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸೋಣ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿಸೋಣ. ಓದುವ ಕೆಲಸವನ್ನು ಮಕ್ಕಳಿಗೇ ಕೊಡೋಣ. ಅವರು ತಡೆಯಿಲ್ಲದೆ ಓದಿದರೆ ನಮ್ಮ ಶಾಲೆಯ ಲೆಕ್ಕ ಅಲ್ಲಿಯೇ ಅರ್ಧ ತಿಳಿದಂತಾಯಿತು.