ಬಾಡಿಗೆ ಕಾರಿನಲ್ಲಿ ಕಾಸರಗೋಡು

ನಮ್ಮ ಕಪನೂರಿಗೆ ಕಡಲು ದೂರ, ಕಾಸರಗೋಡೂ ದೂರವೇ. ಆದರೂ ಇಬ್ಬರ ಹಣೆಬರಹ ಬರೆದದ್ದು ಒಂದೇ ದಿನ. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯದಿಂದ ನಾವು ಮೈಸೂರಿಗೆ ಬಂದೆವು; ಮದರಾಸಿನಿಂದ ಅವರು ಕೇರಳಕ್ಕೆ ಹೋದರು. ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ ಸೇರಲೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ ಮಾತು ಕಾಗದದಲ್ಲೇ ಉಳಿಯಿತು.

ಮಂಗಳೂರಿನಲ್ಲಿ ಬಾಡಿಗೆ ಕಾರು ಹಿಡಿದು ತಲಪಾಡಿ ದಾಟಿರಿ. ಬಲಕ್ಕೆ ಕಡಲು, ಸುತ್ತಲೂ ತೆಂಗು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ. ದೂರ ಮುಂದೆ ಬೇಕಲದಲ್ಲಿ ಕೆಳದಿ ನಾಯಕರ ಕೋಟೆ. ಎಲ್ಲರೂ ಕೋಟೆಗೇ ಓಡುತ್ತಾರೆ. ನೀವು ನಡುವೆ ಕುಂಬಳೆಯಲ್ಲಿಳಿದು ಚಹಾ ಕುಡಿಯಿರಿ, ದಾರಿಯನ್ನು ಕನ್ನಡದಲ್ಲೇ ಕೇಳಿರಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಆಡುವವರು ಸಿಗುತ್ತಾರೆ. ನಮ್ಮ ಕಲಬುರಗಿ ಮಾತಿಗೆ ಅವರು ನಕ್ಕಾರು; ಅವರ ಪುಸ್ತಕದ ಕನ್ನಡಕ್ಕೆ ನಾವೂ ನಗೋಣ. ಕೋಟೆಗೆ ತಡವಾದರೆ ಆಗಲಿ.